‘ಪ್ಲೀಸ್ ರಿವರ್ಟ್’ ಎಂದು ಬರೆದ ಮೇಲೆ: ಆಫೀಸಿನ ಇಂಗ್ಲಿಷ್ ನಾನು ಕಲಿತ ದಾರಿ

2015ರ ಒಂದು ಶುಕ್ರವಾರ ಸಂಜೆ. ನಾಲ್ಕು ದಿನ ಕೂತು ಬರೆದಿದ್ದ ಕೋಡನ್ನು ಮುಗಿಸಿ, ತಂಡದ ಕೋಡಿನ ಜೊತೆ ಸೇರಿಸಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷ ಆಗಿರಲಿಲ್ಲ. ರಾತ್ರಿ ಹೊತ್ತು ತಾನಾಗಿ ಓಡುವ ಪರೀಕ್ಷೆಗಳನ್ನು ಬರೆಯುವುದು ನನ್ನ ಕೆಲಸ. ನನ್ನ ಲೀಡ್, ಅಂದರೆ ನನ್ನ ಕೆಲಸ ನೋಡಿಕೊಳ್ಳುವ ಹಿರಿಯರು, ಇದ್ದದ್ದು ಅಮೆರಿಕದ ಷಿಕಾಗೋದಲ್ಲಿ. ಅವರಿಗೊಂದು ಮೇಲ್ ಬರೆದೆ. ಏನು ಬದಲಾಯಿಸಿದ್ದೇನೆ, ಯಾಕೆ ಬದಲಾಯಿಸಿದ್ದೇನೆ ಎಂದು ವಿವರಿಸಿ, ಕೊನೆಗೆ ‘ಪ್ಲೀಸ್ ಚೆಕ್ ಆ್ಯಂಡ್ ರಿವರ್ಟ್’ ಎಂದು ಸೇರಿಸಿ ಮನೆಗೆ ಹೋದೆ.

ಸೋಮವಾರ ಬೆಳಗ್ಗೆ ಬಂದು ನೋಡಿದರೆ ನನ್ನ ಕೋಡೇ ಅಲ್ಲಿರಲಿಲ್ಲ. ಶನಿವಾರ, ಭಾನುವಾರ ಎರಡೂ ರಾತ್ರಿ ಹಳೆಯ ಪರೀಕ್ಷೆಗಳೇ ಓಡಿದ್ದವು. ವರದಿ ಪೂರ್ತಿ ಕೆಂಪಾಗಿತ್ತು, ಅಂದರೆ ಪರೀಕ್ಷೆಗಳೆಲ್ಲ ಫೇಲ್. ಮೇಲ್ ತೆಗೆದರೆ ಲೀಡ್ ಬರೆದ ಉತ್ತರ ಮೂರೇ ಪದದ್ದು: ‘ರಿವರ್ಟೆಡ್ ಆ್ಯಸ್ ರಿಕ್ವೆಸ್ಟೆಡ್.’

ಅದನ್ನು ನಾಲ್ಕೈದು ಸಲ ಓದಿದೆ. ನೀನು ಕೇಳಿದ ಹಾಗೇ ಮಾಡಿದ್ದೇನೆ ಎಂದಿದ್ದಾರೆ. ನಾನು ಕೇಳಿದ್ದು ಉತ್ತರ. ಅವರಿಗೆ ಕೇಳಿಸಿದ್ದು ‘ಇದನ್ನು ವಾಪಸ್ ತೆಗೆಯಿರಿ’ ಎಂದು.

ನಮ್ಮ ಕಡೆ ರಿವರ್ಟ್ ಅಂದರೆ ಉತ್ತರ ಕೊಡಿ ಎಂದೇ ಅರ್ಥ. ಬ್ಯಾಂಕಿನ ಪತ್ರ, ಕಾಲೇಜಿನ ಪ್ಲೇಸ್‌ಮೆಂಟ್ ಮೇಲ್, ಎಚ್‌ಆರ್ ಕಳಿಸುವ ಸೂಚನೆ, ಎಲ್ಲದರ ತುದಿಯಲ್ಲೂ ‘ಕೈಂಡ್ಲಿ ರಿವರ್ಟ್’ ಇರುತ್ತದೆ. ನಾನು ಅದನ್ನು ಓದಿ ಓದಿಯೇ ಕಲಿತದ್ದು. ಆದರೆ ಅಮೆರಿಕದವರಿಗೆ ಆ ಪದ ಅಂದರೆ ಮೊದಲು ಹೇಗಿತ್ತೋ ಹಾಗೆ ಮಾಡುವುದು. ಕೋಡ್ ಬರೆಯುವವರಿಗಂತೂ ಅದರಲ್ಲಿ ಸಂಶಯವೇ ಇಲ್ಲ. ಕೋಡಿನ ಲೆಕ್ಕ ಇಡುವ ಗಿಟ್‌ನಲ್ಲಿ ರಿವರ್ಟ್ ಎನ್ನುವುದೇ ಒಂದು ಕಮಾಂಡ್. ಅದನ್ನು ಕೊಟ್ಟರೆ ಸೇರಿಸಿದ ಬದಲಾವಣೆ ರದ್ದಾಗುತ್ತದೆ. ನಾನೇ ವಾರಕ್ಕೆರಡು ಸಲ ಆ ಕಮಾಂಡ್ ಬಳಸುತ್ತಿದ್ದೆ. ಆದರೂ ಮೇಲ್ ಬರೆಯುವ ಕೈಗೂ ಕಮಾಂಡ್ ಬರೆಯುವ ಕೈಗೂ ಒಂದೇ ಪದ ಎಂದು ಹೊಳೆದಿರಲಿಲ್ಲ.

ಆ ದಿನ ನನಗೆ ಬೇಜಾರಾಗಿದ್ದು ತಪ್ಪಿಗಲ್ಲ. ಇಂಗ್ಲಿಷ್ ನನಗೆ ಸುಮಾರಾಗಿ ಬರುತ್ತೆ ಎಂದು ನಂಬಿದ್ದೆ. ಆ ನಂಬಿಕೆ ಅಲ್ಲಾಡಿತು. ಗೊತ್ತಿಲ್ಲದ ಪದವಾದರೆ ನಿಘಂಟು ನೋಡಬಹುದು. ಗೊತ್ತಿದೆ ಅಂದುಕೊಂಡ ಪದವನ್ನು ಯಾರು ನಿಘಂಟಿನಲ್ಲಿ ಹುಡುಕುತ್ತಾರೆ?

ನಾನು ಓದಿದ್ದು ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಐದನೇ ತರಗತಿಯಲ್ಲಿ ಎಬಿಸಿಡಿ ಶುರುವಾಯಿತು. 2008ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಹೋದಾಗ ಒಂದೇ ಬೇಸಿಗೆ ರಜೆಯಲ್ಲಿ ಎಲ್ಲದರ ಹೆಸರೂ ಬದಲಾಗಿತ್ತು. ಲ.ಸಾ.ಅ. ಹೋಗಿ ಎಲ್‌ಸಿಎಂ ಆಯಿತು. ಸಾಂದ್ರತೆ ಡೆನ್ಸಿಟಿ ಆಯಿತು. ಜಡತ್ವ ಇನರ್ಷಿಯಾ ಆಯಿತು. ವೇಗೋತ್ಕರ್ಷ ಅನ್ನುವ ಪದವನ್ನು ಕಷ್ಟಪಟ್ಟು ಬಾಯಿಪಾಠ ಮಾಡಿದ್ದೆ, ಅದೂ ಹೋಯಿತು. ನನ್ನ ಜೊತೆ ಬಂದಿದ್ದ ಇಬ್ಬರು ಜಾಣ ಹುಡುಗರು ಮೊದಲ ವರ್ಷವೇ ಕಲಾ ವಿಭಾಗಕ್ಕೆ ಹೋದರು. ಅವರಿಗೆ ಭೌತಶಾಸ್ತ್ರ ಬರುತ್ತಿತ್ತು. ಅದರ ಹೊಸ ಹೆಸರುಗಳು ಬರುತ್ತಿರಲಿಲ್ಲ, ಅಷ್ಟೇ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾನು ಹೇಗೋ ದಾಟಿದೆ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಪುಸ್ತಕದ ಇಂಗ್ಲಿಷ್ ಕೈಗೆ ಬಂದಿತ್ತು. ಟ್ರಾನ್ಸಿಸ್ಟರ್ ಬಗ್ಗೆ ಎರಡು ಪುಟ ತಪ್ಪಿಲ್ಲದೆ ಬರೆಯುತ್ತಿದ್ದೆ. ಆದರೆ ಆಫೀಸಿನಲ್ಲಿ ಟ್ರಾನ್ಸಿಸ್ಟರ್ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಸಂಜೆ ಏಳೂವರೆಗೆ ಷಿಕಾಗೋ ಜೊತೆ ಕಾಲ್. ಅಲ್ಲಿ ಬರುತ್ತಿದ್ದ ಪದಗಳೆಲ್ಲ ಚಿಕ್ಕವು. ಟಚ್, ಬೇಸ್, ಲೂಪ್, ಪಿಂಗ್, ಪುಶ್, ಬ್ಯಾಕ್, ಅಪ್, ಆಫ್. ಒಂದೊಂದೂ ಗೊತ್ತು. ಎರಡು ಸೇರಿದರೆ ಗೊತ್ತಿಲ್ಲ.

‘ಬ್ಯಾಂಡ್‌ವಿಡ್ತ್ ಇದೆಯಾ?’ ಎಂದು ಒಬ್ಬರು ನನ್ನನ್ನು ಕೇಳಿದಾಗ ನಾನು ನಮ್ಮ ಆಫೀಸಿನ ನೆಟ್‌ವರ್ಕ್ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಆ ಪದಕ್ಕೆ ಒಂದು ಸೂತ್ರವೇ ಇದೆ. ಅವರು ಕೇಳಿದ್ದು ನಿನಗೆ ಬಿಡುವಿದೆಯಾ ಎಂದು. ‘ಲೆಟ್ಸ್ ಟೇಕ್ ಇಟ್ ಆಫ್‌ಲೈನ್’ ಅಂದಾಗ ಸರ್ವರ್ ನಿಲ್ಲಿಸುತ್ತಾರೇನೋ ಎಂದು ಗಾಬರಿಯಾಗಿತ್ತು. ಅವರು ಹೇಳಿದ್ದು ಈ ವಿಷಯ ಇಬ್ಬರೇ ಬೇರೆಯಾಗಿ ಮಾತಾಡೋಣ ಎಂದು.

ಮೂವತ್ತು ದಿನದ ಒಂದು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿದೆ. ಹೋಟೆಲಿನಲ್ಲಿ ಊಟ ಕೇಳುವುದು, ವಿಮಾನದ ಟಿಕೆಟ್ ಕೇಳುವುದು, ಹವಾಮಾನದ ಬಗ್ಗೆ ಮಾತಾಡುವುದು ಕಲಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಲಿಸಿದರು. ಆದರೆ ಕಾಲ್‌ನಲ್ಲಿ ಯಾರೂ ನನ್ನನ್ನು ಸೂಪ್ ಬೇಕಾ ಎಂದು ಕೇಳುತ್ತಿರಲಿಲ್ಲ. ನಿಘಂಟು ಬಾಯಿಪಾಠ ಮಾಡಲು ಹೋದೆ. ದಿನಕ್ಕೆ ಹತ್ತು ಪದ. ಎರಡು ವಾರಕ್ಕೆ ನಿಂತಿತು. ಕಲಿತ ನೂರು ಪದದಲ್ಲಿ ಕೆಲಸಕ್ಕೆ ಬಂದದ್ದು ಮೂರೋ ನಾಲ್ಕೋ.

ದಾರಿ ಸಿಕ್ಕಿದ್ದು ಅಪ್ಪನಿಂದ. ಅಪ್ಪ ಮೆಣಸಿನಕಾಯಿ ಬೆಳೆಯುವವರು. ಒಮ್ಮೆ ಊರಿಗೆ ಹೋಗಿದ್ದೆ. ಬ್ಯಾಡಗಿ ಮಾರುಕಟ್ಟೆಗೆ ಚೀಲ ಹಾಕಿಕೊಂಡು ಹೋಗುವಾಗ ಜೊತೆಗೆ ಹೋದೆ. ಅಲ್ಲಿನ ಮಾತು ಕೇಳಿದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಕಡ್ಡಿ ಅನ್ನುತ್ತಾರೆ, ಡಬ್ಬಿ ಅನ್ನುತ್ತಾರೆ. ಎರಡೂ ಮೆಣಸಿನಕಾಯಿಯ ತಳಿಗಳು. ವ್ಯಾಪಾರಿ ಒಂದು ಕಾಯಿ ಎತ್ತಿ ಬಗ್ಗಿಸಿ ನೋಡಿ ‘ಮಾಲು ತಂಪೈತಿ’ ಅಂದರೆ ಹೊಗಳಿಕೆಯಲ್ಲ. ಒಣಗಿಲ್ಲ, ರೇಟ್ ಕಡಿಮೆ ಆಗುತ್ತದೆ ಎಂದರ್ಥ. ‘ನೋಡೂಣು’ ಎಂದು ಮುಂದೆ ಹೋದರೆ ಆ ರಾಶಿಗೆ ಬೆಲೆ ಬರೆಯುವುದಿಲ್ಲ ಎಂದರ್ಥ. ದನದ ಸಂತೆಯಲ್ಲಂತೂ ಬಾಯೇ ಬೇಡ. ಟವೆಲ್ ಕೆಳಗೆ ಕೈ ಇಟ್ಟು, ಬೆರಳು ಹಿಡಿದೇ ಸಾವಿರ, ನೂರು ಹೇಳಿ ಮುಗಿಸುತ್ತಾರೆ.

‘ಇದನ್ನೆಲ್ಲ ನಿಮಗೆ ಯಾರು ಕಲಿಸಿದ್ರು?’ ಎಂದು ಕೇಳಿದೆ.

‘ಸಂತಿಗೆ ಹೋಗಲಾರದ ಸಂತಿ ಮಾತು ಹ್ಯಾಂಗ ಬರ್ತೈತಿ?’ ಅಂದರು ಅಪ್ಪ. ‘ಅವ್ರು ಏನಂದ್ರು ಅನ್ನೂದ ದೊಡ್ಡದಲ್ಲ. ಅಂದ ಮ್ಯಾಲ ಏನ್ ಮಾಡ್ತಾರ, ಅದನ್ನ ನೋಡು.’

ಬೆಂಗಳೂರಿಗೆ ಬಂದು 200 ಪುಟದ ನೋಟ್‌ಬುಕ್ ಒಂದನ್ನು ತಂದೆ. ಎಡಗಡೆ ಪುಟದಲ್ಲಿ ಯಾರು, ಯಾವ ದಿನ, ಏನು ಅಂದರು ಎಂದು ಕೇಳಿಸಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆಯುವುದು. ಬಲಗಡೆ ಪುಟ ಖಾಲಿ. ಅರ್ಥ ಬರೆಯುವ ಹಾಗಿಲ್ಲ. ಆ ಮಾತಾದ ಮೇಲೆ ಅವರು ಏನು ಮಾಡಿದರು ಎಂದು ಗೊತ್ತಾದಾಗ ಮಾತ್ರ ಬಲಗಡೆ ಬರೆಯುವುದು.

ಇದು ನಿಘಂಟಿಗಿಂತ ಎಷ್ಟೋ ಜಾಸ್ತಿ ಕಲಿಸಿತು. ‘ಲೆಟ್ ಮಿ ಗೆಟ್ ಬ್ಯಾಕ್ ಟು ಯು’ ಎಂದು ನನ್ನ ಲೀಡ್ ಅಂದರೆ ಮರುದಿನ ಉತ್ತರ ಬರುತ್ತಿತ್ತು. ಅದೇ ಮಾತನ್ನು ಇನ್ನೊಬ್ಬ ಮ್ಯಾನೇಜರ್ ಅಂದರೆ ಉತ್ತರ ಬರುತ್ತಲೇ ಇರಲಿಲ್ಲ. ಅದು ನಮ್ಮ ಮಾರುಕಟ್ಟೆಯ ‘ನೋಡೂಣು’. ‘ಯು ಮೈಟ್ ವಾಂಟ್ ಟು ಟೇಕ್ ಅ ಲುಕ್ ಅಟ್ ದಿಸ್’ ಎಂದಾಗ ನಾನು ಬೇಕಿದ್ದರೆ ನೋಡು ಎಂದಿದ್ದಾರೆ ಅಂದುಕೊಂಡು ಸುಮ್ನೆ ಇದ್ದೆ. ಮರುದಿನ ಕಾಲ್ ಶುರುವಾಗುತ್ತಲೇ ನೋಡಿದೆಯಾ ಎಂದು ಕೇಳಿದರು. ಅಂದರೆ ಅದು ಸಲಹೆಯಲ್ಲ, ಕೆಲಸ. ‘ಐ ವಿಲ್ ಲೆಟ್ ಯು ಗೋ’ ಅಂದರೆ ನನಗೆ ಹೋಗಲು ಅನುಮತಿ ಕೊಟ್ಟದ್ದಲ್ಲ. ಅವರಿಗೇ ಫೋನ್ ಇಡಬೇಕಾಗಿದೆ. ಹತ್ತು ಸೆಕೆಂಡಿನಲ್ಲಿ ಇಟ್ಟರು ಎಂದು ಬಲಗಡೆ ಪುಟದಲ್ಲಿದೆ.

ಮೂರು ತಿಂಗಳಾದ ಮೇಲೆ ಇನ್ನೊಂದು ಸೇರಿಸಿದೆ. ಆ ಜಾಗದಲ್ಲಿ ನಾನಿದ್ದಿದ್ದರೆ ಕನ್ನಡದಲ್ಲಿ ಏನನ್ನುತ್ತಿದ್ದೆ ಎಂದು ಕೆಳಗೆ ಒಂದು ಸಾಲು. ಪದಕ್ಕೆ ಪದ ಅಲ್ಲ, ಆ ಹೊತ್ತಿನ ಮಾತು. ‘ಹೆಡ್ಸ್ ಅಪ್’ ಎಂಬುದರ ಕೆಳಗೆ ‘ಮೊದಲೇ ಒಂದು ಮಾತು ಹೇಳಿಬಿಡ್ತೀನಿ’ ಎಂದಿದೆ. ‘ವಿ ಆರ್ ಆನ್ ದ ಸೇಮ್ ಪೇಜ್’ ಕೆಳಗೆ ‘ಇಬ್ಬರದೂ ಒಂದೇ ಮಾತು ಅಲ್ವಾ’ ಎಂದಿದೆ. ‘ಕೀಪ್ ಮಿ ಇನ್ ದ ಲೂಪ್’ ಕೆಳಗೆ ‘ನನಗೂ ಒಂದು ಮಾತು ಹೇಳ್ತಿರಿ’. ಹಾಗೆ ಬರೆದ ಮೇಲೆ ಆ ಮಾತುಗಳು ಹೊರಗಿನವು ಅನ್ನಿಸಲಿಲ್ಲ.

ಇಂಗ್ಲಿಷ್ ಕಲಿಯಬೇಕಾದರೆ ಇಂಗ್ಲಿಷಿನಲ್ಲೇ ಯೋಚಿಸಬೇಕು, ಕನ್ನಡ ಮರೆಯಬೇಕು ಎಂದು ಹೇಳುವವರು ತುಂಬಾ ಜನ. ನನಗೆ ಹಾಗಾಗಲಿಲ್ಲ. ನನ್ನನ್ನು ತುಂಬಾ ಕಾಡಿದ್ದು ಕ್ರಿಯಾಪದದ ಹಿಂದೆ ಬರುವ ಚಿಕ್ಕ ಪದಗಳು. ಲುಕ್ ಅಪ್, ಲುಕ್ ಇಂಟು, ಲುಕ್ ಆಫ್ಟರ್, ಲುಕ್ ಓವರ್. ನೋಡು ಎಂಬ ಒಂದೇ ಪದ, ನಾಲ್ಕು ದಿಕ್ಕು. ಒಂದು ರಾತ್ರಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ತಂಗಿಯ ಮಗುವನ್ನು ‘ನೋಡಿಕೊ’ ಎಂದರು. ಥಟ್ಟನೆ ಹೊಳೆಯಿತು. ನಾವೂ ಇದನ್ನೇ ಮಾಡುತ್ತೇವಲ್ಲ! ನೋಡು ಎಂಬುದಕ್ಕೆ ಕೊಳ್ಳು ಸೇರಿದರೆ ಜೋಪಾನ ಮಾಡುವುದು. ‘ನೋಡಿಬಿಡು’ ಅಂದರೆ ಈಗಲೇ ನೋಡಿ ಮುಗಿಸು. ‘ನೋಡಿಕೊಡು’ ಅಂದರೆ ನನಗೋಸ್ಕರ ನೋಡು. ‘ತಿಂದುಬಿಡು’ ಅನ್ನುವಾಗ ಯಾರೂ ಏನನ್ನೂ ಬಿಡುವುದಿಲ್ಲ. ‘ಹೇಳಿ ನೋಡು’ ಅನ್ನುವಾಗ ಕಣ್ಣಿಗೆ ಕೆಲಸವಿಲ್ಲ. ನಮಗೆ ಇದು ಹಾಲು ಕುಡಿದಷ್ಟು ಸಲೀಸು. ಹೊರಗಿನವರು ಕಲಿಯುವಾಗ ಎಷ್ಟು ಒದ್ದಾಡುತ್ತಾರೋ! ಅದಾದ ಮೇಲೆ ಇಂಗ್ಲಿಷಿನ ಅಪ್, ಆಫ್, ಔಟ್ ನೋಡಿ ನನಗೆ ಸಿಟ್ಟು ಬರಲಿಲ್ಲ. ಬ್ಯಾಕ್ ಅಪ್, ಸೆಟ್ ಅಪ್, ರೋಲ್ ಔಟ್, ರೋಲ್ ಬ್ಯಾಕ್, ಸೈನ್ ಆಫ್, ಫಿಗರ್ ಔಟ್. ಒಂದೊಂದನ್ನೂ ಇಡೀ ಮಾತಾಗಿ ಕಲಿತೆ, ಬಿಡಿಸಲು ಹೋಗಲಿಲ್ಲ.

ಕೆಲವು ಪದಗಳ ಹಿಂದೆ ಚಿತ್ರ ಇರುತ್ತದೆ. ಆ ಚಿತ್ರ ಸಿಕ್ಕರೆ ಪದ ಮರೆಯುವುದಿಲ್ಲ. ನನಗೆ ಇದು ತುಂಬಾ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಮೇಲ್‌ನಲ್ಲಿ ‘ಸಿಸಿ’ ಅಂತ ಇರುತ್ತಲ್ಲ, ಅದು ಕಾರ್ಬನ್ ಕಾಪಿ. ನಮ್ಮ ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಎರಡು ಹಾಳೆ ನಡುವೆ ನೀಲಿ ಕಾರ್ಬನ್ ಇಟ್ಟು ಕೀಲಿ ಒತ್ತುತ್ತಿದ್ದ ಅಕ್ಕಂದಿರನ್ನು ನಾನು ಕಂಡಿದ್ದೆ. ಕೈಗೆ ನೀಲಿ ಅಂಟುತ್ತಿತ್ತು. ಆ ಹಾಳೆ ಇವತ್ತಿಗೂ ಮೇಲ್‌ನ ಎರಡು ಅಕ್ಷರದಲ್ಲಿ ಉಳಿದಿದೆ. ಸಾಫ್ಟ್‌ವೇರಿನ ‘ಪ್ಯಾಚ್’ ಅಂದರೆ ಅಪ್ಪಟ ತೇಪೆ. ಹಿಂದೆ ಪ್ರೋಗ್ರಾಂ ಇರುತ್ತಿದ್ದದ್ದು ತೂತು ಹಾಕಿದ ಕಾಗದದಲ್ಲಿ. ತಪ್ಪಾದ ತೂತಿನ ಮೇಲೆ ನಿಜವಾಗಿಯೇ ಕಾಗದದ ತೇಪೆ ಅಂಟಿಸುತ್ತಿದ್ದರು. ‘ಡ್ಯಾಶ್‌ಬೋರ್ಡ್’ ಮೊದಲು ಇದ್ದದ್ದು ಕುದುರೆ ಗಾಡಿಯಲ್ಲಿ. ಕುದುರೆಯ ಕಾಲಿನಿಂದ ಹಾರುವ ಕೆಸರು ಕೂತವರ ಮೇಲೆ ಸಿಡಿಯದಂತೆ ಮುಂದೆ ಇಡುತ್ತಿದ್ದ ಹಲಗೆ. ಅದು ಕಾರಿಗೆ ಬಂತು, ಅಲ್ಲಿಂದ ನಮ್ಮ ಪರದೆಗೆ ಬಂತು.

ನಾನು ದಿನಾ ಹುಡುಕುವ ‘ಬಗ್’ ಕಥೆ ಎಲ್ಲರಿಗೂ ಅರ್ಧ ಗೊತ್ತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಒಳಗೆ ಪತಂಗ ಸಿಕ್ಕಿತು. ಅದನ್ನು ಲಾಗ್‌ಬುಕ್ಕಿಗೆ ಟೇಪ್ ಹಾಕಿ ಅಂಟಿಸಿ, ನಿಜವಾದ ಹುಳ ಸಿಕ್ಕ ಮೊದಲ ಪ್ರಕರಣ ಎಂದು ಪಕ್ಕದಲ್ಲಿ ಬರೆದರು. ಆ ಪುಟ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಆ ಪದ ಅಲ್ಲಿ ಹುಟ್ಟಿದ್ದಲ್ಲ. ಥಾಮಸ್ ಎಡಿಸನ್ 1878ರಲ್ಲೇ ಒಂದು ಪತ್ರದಲ್ಲಿ ಯಂತ್ರದ ಸಣ್ಣ ದೋಷಗಳಿಗೆ ‘ಬಗ್’ ಎಂದಿದ್ದ. ಅದಕ್ಕೇ ‘ನಿಜವಾದ ಹುಳ’ ಎಂದು ಒತ್ತಿ ಬರೆದದ್ದು. ಮಾತು ಮೊದಲು, ಹುಳ ಆಮೇಲೆ. ‘ಪಿಂಗ್ ಮಾಡು’ ಎನ್ನುವುದು ಮೈಕ್ ಮೂಸ್ ಎಂಬ ಅಮೆರಿಕನ್ 1983ರಲ್ಲಿ ಬರೆದ ಒಂದು ಚಿಕ್ಕ ಪ್ರೋಗ್ರಾಮಿನ ಹೆಸರಿನಿಂದ ಬಂತು. ಇನ್ನೊಂದು ಕಂಪ್ಯೂಟರ್ ಜೀವಂತ ಇದೆಯಾ ಎಂದು ತಟ್ಟಿ ನೋಡುವ ಪ್ರೋಗ್ರಾಂ. ನೀರಿನೊಳಗೆ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ವಸ್ತು ಪತ್ತೆಮಾಡುವ ಜಲಾಂತರ್ಗಾಮಿಗಳ ಸೋನಾರ್ ಶಬ್ದದ ನೆನಪಿಗೆ ಆ ಹೆಸರಿಟ್ಟ.

‘ಡೆಡ್‌ಲೈನ್’ ಚರಿತ್ರೆ ಓದಿದ ದಿನ ಮಾತ್ರ ಮನಸ್ಸು ಭಾರವಾಯಿತು. ಅಮೆರಿಕದ ಅಂತರ್ಯುದ್ಧದ ಕಾಲ. 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್ ಎಂಬಲ್ಲಿ ಯುದ್ಧಕೈದಿಗಳ ಶಿಬಿರವಿತ್ತು. ಗೋಡೆಯ ಒಳಗಡೆ ಸ್ವಲ್ಪ ದೂರದಲ್ಲಿ ಒಂದು ಬೇಲಿಯ ಗೆರೆ. ಅದನ್ನು ದಾಟಿದ ಕೈದಿಗೆ ಕಾವಲುಗಾರರು ಗುಂಡು ಹೊಡೆಯುತ್ತಿದ್ದರು. ಅದೇ ಡೆಡ್ ಲೈನ್. ಸುಮಾರು ಹದಿಮೂರು ಸಾವಿರ ಕೈದಿಗಳು ಆ ಶಿಬಿರದಲ್ಲಿ ಸತ್ತರು, ಹೆಚ್ಚಿನವರು ರೋಗ ಮತ್ತು ಹಸಿವಿನಿಂದ. ಆ ಪದವನ್ನು ನಾವು ವಾರದ ವರದಿಗೂ ಬಳಸುತ್ತೇವೆ. ನಾನೀಗ ಸಾಧ್ಯವಾದಾಗೆಲ್ಲ ‘ಡ್ಯೂ ಡೇಟ್’ ಅನ್ನುತ್ತೇನೆ.

ಷಿಕಾಗೋದವರ ಅರ್ಧ ಮಾತು ಬೇಸ್‌ಬಾಲ್‌ನಿಂದ ಬರುತ್ತದೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ‘ಟಚ್ ಬೇಸ್’, ‘ಬಾಲ್‌ಪಾರ್ಕ್ ಫಿಗರ್’ (ಅಂದಾಜು ಲೆಕ್ಕ), ‘ಕರ್ವ್‌ಬಾಲ್’ (ಅನಿರೀಕ್ಷಿತ ತೊಡಕು), ‘ಕವರ್ ಆಲ್ ಬೇಸಸ್’ (ಎಲ್ಲ ಕಡೆಯಿಂದಲೂ ತಯಾರಾಗುವುದು). ಒಂದು ಭಾನುವಾರ ಪೂರ್ತಿ ಕೂತು ಒಂದು ಬೇಸ್‌ಬಾಲ್ ಪಂದ್ಯ ನೋಡಿದೆ. ಓಡುವವನು ಪ್ರತಿ ಬೇಸನ್ನೂ ಮುಟ್ಟಲೇಬೇಕು ಎಂದು ಕಣ್ಣಾರೆ ಕಂಡ ಮೇಲೆ ‘ಟಚ್ ಬೇಸ್’ ಅಂದರೆ ‘ಒಮ್ಮೆ ಮಾತಾಡಿಸಿ ಹೋಗುವುದು’ ಎಂದು ಮನಸ್ಸಿಗೆ ಹೋಯಿತು. ನಮಗೂ ಇದೆಯಲ್ಲ. ಕಠಿಣ ಪ್ರಶ್ನೆ ಬಂದರೆ ‘ಬೌನ್ಸರ್’ ಅನ್ನುತ್ತೇವೆ. ಕ್ರಿಕೆಟ್ ಗೊತ್ತಿಲ್ಲದವರು ಅದನ್ನು ಎಲ್ಲಿ ಹುಡುಕಬೇಕು?

ಸಮಯದ ಮಾತುಗಳಲ್ಲಿ ಜಾಸ್ತಿ ಪೆಟ್ಟು ತಿಂದೆ. ‘ಇಒಡಿ ಒಳಗೆ ಕಳಿಸಿ’ ಅಂದರೆ ದಿನ ಮುಗಿಯುವುದರೊಳಗೆ ಎಂದು. ಆದರೆ ಯಾರ ದಿನ? ಷಿಕಾಗೋದ ಸಂಜೆ ಐದು ಅಂದರೆ ನಮಗೆ ಮರುದಿನದ ಬೆಳಗಿನ ಜಾವ ನಾಲ್ಕೂವರೆ. ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಟ್ಟಾಗ ಮೂರೂವರೆ. ನಾನು ನಮ್ಮ ಸಂಜೆ ಆರಕ್ಕೆ ಕಳಿಸಲು ಹೊಡೆದಾಡಿ ಊಟ ಬಿಡುತ್ತಿದ್ದೆ. ಅವರು ಆಗಷ್ಟೇ ಹಾಸಿಗೆಯಿಂದ ಏಳುತ್ತಿದ್ದರು. ಈಗ ಯಾರೇ ಇಒಡಿ ಅಂದರೂ ‘ನಿಮ್ಮದೋ ನಮ್ಮದೋ’ ಎಂದು ಕೇಳುತ್ತೇನೆ. ಮೀಟಿಂಗನ್ನು ‘ಪ್ರಿಪೋನ್’ ಮಾಡೋಣ ಎಂದಾಗ ಅವರಿಗೆ ಅರ್ಥವಾಗಲಿಲ್ಲ. ಅದು ನಮ್ಮ ಭಾರತದ ಇಂಗ್ಲಿಷ್ ಪದ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ಒಳ್ಳೆಯ ಪದ, ನಾಚಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಕೇಳುವವರಿಗೆ ತಿಳಿಯಬೇಕಲ್ಲ. ಷಿಕಾಗೋ ಜೊತೆ ‘ಮೂವ್ ಅಪ್’ ಅನ್ನುತ್ತೇನೆ, ಬೆಂಗಳೂರಿನಲ್ಲಿ ಪ್ರಿಪೋನ್ ಅನ್ನುತ್ತೇನೆ.

ನನ್ನ ಕನ್ನಡ ಇಂಗ್ಲಿಷಿನ ಕೆಳಗಿಂದ ಇಣುಕುತ್ತಿದ್ದ ಜಾಗಗಳೂ ಇದ್ದವು. ‘ಒಂದು ಡೌಟ್ ಇದೆ’ ಎನ್ನುವುದು ನಮಗೆ ಶಾಲೆಯಿಂದ ಬಂದ ಮಾತು. ಪ್ರಶ್ನೆ ಕೇಳುವ ವಿನಯದ ದಾರಿ ಅದು. ‘ಐ ಹ್ಯಾವ್ ಅ ಡೌಟ್ ಅಬೌಟ್ ಯುವರ್ ಡಿಸೈನ್’ ಎಂದು ಒಬ್ಬ ಹಿರಿಯರಿಗೆ ಬರೆದೆ. ಅವರು ಒಂದು ಪುಟದಷ್ಟು ಸಮರ್ಥನೆ ಬರೆದು ಕಳಿಸಿದರು. ನಿಮ್ಮ ವಿನ್ಯಾಸದ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಅವರಿಗೆ ಕೇಳಿಸಿತ್ತು. ‘ಐ ಹ್ಯಾವ್ ಅ ಕ್ವೆಶ್ಚನ್’ ಎಂದಿದ್ದರೆ ಮುಗಿಯುತ್ತಿತ್ತು. ಫೋನ್ ಎತ್ತಿ ‘ಟೆಲ್ ಮಿ’ ಅನ್ನುತ್ತಿದ್ದೆ, ಅದು ನಮ್ಮ ‘ಹೇಳಿ’. ನಮ್ಮ ‘ಹೇಳಿ’ಯಲ್ಲಿರುವ ‘ಇ’ಯೇ ಗೌರವ. ಅದನ್ನು ದಾಟಿಸಲು ಇಂಗ್ಲಿಷಿನಲ್ಲಿ ಜಾಗವಿಲ್ಲ, ಅದಕ್ಕೇ ‘ಟೆಲ್ ಮಿ’ ಗಡುಸಾಗಿ ಕೇಳಿಸುತ್ತದೆ. ಕಾಲ್ ಬಿಡುವಾಗ ಒಮ್ಮೆ ‘ಐ ವಿಲ್ ಗೋ ಆ್ಯಂಡ್ ಕಮ್’ ಎಂದೆ. ಲೀಡ್ ಕಾಯುತ್ತಾ ಕೂತಿದ್ದರಂತೆ. ನಮ್ಮಲ್ಲಿ ಹೋಗ್ತೀನಿ ಎಂದು ಹೇಳುವುದಿಲ್ಲ, ಹೋಗಿ ಬರ್ತೀನಿ ಅನ್ನಬೇಕು ಎಂದು ಅವರಿಗೆ ವಿವರಿಸಿದೆ. ಅವರಿಗೆ ಅದು ತುಂಬಾ ಹಿಡಿಸಿತು.

ಇವೆಲ್ಲಕ್ಕಿಂತ ಕಷ್ಟವಾಗಿದ್ದು ಇಲ್ಲ ಎನ್ನುವುದು. ನಮ್ಮಲ್ಲಿ ದೊಡ್ಡವರಿಗೆ ನೇರವಾಗಿ ಆಗಲ್ಲ ಎನ್ನುವುದಿಲ್ಲ. ‘ನೋಡೋಣ ಸರ್’, ‘ಪ್ರಯತ್ನ ಮಾಡ್ತೀನಿ ಸರ್’ ಅನ್ನುತ್ತೇವೆ. ಕೇಳಿದ ಕನ್ನಡದವರಿಗೆ ಅದರ ತೂಕ ತಿಳಿಯುತ್ತದೆ. ನಾನು ‘ಐ ವಿಲ್ ಟ್ರೈ’ ಎಂದೆ. ಅವರು ನನ್ನ ಹೆಸರಿನ ಮುಂದೆ ಕೆಲಸ ಬರೆದುಕೊಂಡರು. ಹೀಗೇ ಆಗಿ ಒಂದು ಸ್ಪ್ರಿಂಟ್‌ನಲ್ಲಿ, ಎರಡೇ ವಾರಕ್ಕೆ, ಐದು ವಾರದ ಕೆಲಸ ನನ್ನ ತಲೆ ಮೇಲೆ ಬಂತು. ರಾತ್ರಿ ಎರಡರವರೆಗೆ ಕೂತೆ. ಮುಗಿಯಲಿಲ್ಲ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದರು. ಹೇಳಿದ್ದೆನಲ್ಲ ಎಂದು ನನಗೆ ಅಳು ಬಂತು. ನನ್ನ ಭಾಷೆಯಲ್ಲಿ ನಾನು ಹೇಳಿದ್ದೆ.

ತಂಡದಲ್ಲಿ ಮಂಗಳೂರಿನ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಅವರು ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ ಹೇಳಿದರು. ಇಲ್ಲ ಎನ್ನುವುದರ ಜೊತೆಗೆ ಯಾವಾಗ ಆಗುತ್ತೆ ಎಂಬುದನ್ನೂ ಸೇರಿಸು. ಆಗ ಅದು ಒರಟಾಗಲ್ಲ. ಒಂದು ವಾಕ್ಯ ಬರೆದುಕೊಟ್ಟರು: ‘ಐ ಡೋಂಟ್ ಹ್ಯಾವ್ ದ ಬ್ಯಾಂಡ್‌ವಿಡ್ತ್ ದಿಸ್ ವೀಕ್, ಐ ಕ್ಯಾನ್ ಪಿಕ್ ಇಟ್ ಅಪ್ ಆನ್ ಮಂಡೇ.’ ಅದನ್ನು ಪಿಜಿಯ ಟೆರೇಸಿನಲ್ಲಿ ಹತ್ತಿಪ್ಪತ್ತು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿದೆ. ಮುಂದಿನ ಬುಧವಾರದ ಕಾಲ್‌ನಲ್ಲಿ ಹೇಳಿದೆ. ಎದೆ ಬಡಿದುಕೊಳ್ಳುತ್ತಿತ್ತು. ಆ ಕಡೆಯಿಂದ ‘ಮಂಡೇ ವರ್ಕ್ಸ್’ ಎಂದು ಎರಡು ಪದ ಬಂತು. ಅಷ್ಟೇ. ಮಾತು ಮುಂದಕ್ಕೆ ಹೋಯಿತು. ಆ ರಾತ್ರಿ ಒಂಬತ್ತಕ್ಕೆ ಮಲಗಿದೆ.

2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದಾಗ ನನಗೆ ಒಂದು ಅನುಕೂಲವಾಯಿತು. ವಿಡಿಯೊ ಕಾಲ್‌ನಲ್ಲಿ ಮಾತಿನ ಜೊತೆಗೇ ಅಕ್ಷರ ಮೂಡಿಸುವ ಕ್ಯಾಪ್ಷನ್ ಹಾಕಿಕೊಂಡೆ. ನಾನು ವರ್ಷಗಟ್ಟಲೆ ‘ಲೆಮ್ಮಿ’ ಎಂದು ಕೇಳಿಸಿಕೊಂಡದ್ದು ‘ಲೆಟ್ ಮಿ’ ಎಂದು ಕಣ್ಣಿಗೆ ಕಂಡಿತು. ‘ಗನ್ನ’ ಎಂಬುದು ‘ಗೋಯಿಂಗ್ ಟು’. ನಾವು ‘ಮಾಡುತ್ತೇನೆ’ ಎಂದು ಬರೆದು ‘ಮಾಡ್ತೀನಿ’ ಎಂದು ಆಡುವ ಹಾಗೇ. ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ಖಂಡಿತ ಬಳಸಬೇಕು. ಕಿವಿಗೆ ಬೇಕಾದ ಸಮಯವನ್ನು ಕಣ್ಣು ಕೊಡುತ್ತದೆ.

ಈಗ ನೋಟ್‌ಬುಕ್‌ಗಳು ಮೂರಾಗಿವೆ. ಮೂರನೆಯದರಲ್ಲಿ ಎಐ ಪದಗಳೇ ಜಾಸ್ತಿ. ಪ್ರಾಂಪ್ಟ್, ಟೋಕನ್, ಹ್ಯಾಲುಸಿನೇಷನ್. ಒಂದು ಕಾಲ್‌ನಲ್ಲಿ ಇಂಥದ್ದೊಂದು ಪದ ಬಂದಾಗ ಷಿಕಾಗೋದ ಲೀಡ್ ಮಾತು ನಿಲ್ಲಿಸಿ ‘ವಾಟ್ ಡಸ್ ದಟ್ ಮೀನ್?’ ಎಂದು ಕೇಳಿದರು. ಮೂವತ್ತು ಜನರ ಎದುರು ಹಾಗೆ ಕೇಳಿದ ಅವರು ಹುಟ್ಟಿನಿಂದ ಇಂಗ್ಲಿಷ್ ಆಡುವವರು. ಅವರ ದನಿಯಲ್ಲಿ ಸಂಕೋಚವೇ ಇರಲಿಲ್ಲ. ಆ ವಾಕ್ಯವನ್ನು ನಾನು ಎಡಗಡೆ ಬರೆದುಕೊಂಡೆ. ಬಲಗಡೆ, ಎದುರಿನವರು ಎರಡು ನಿಮಿಷ ವಿವರಿಸಿದರು ಎಂದು ಬರೆದೆ.

ಮೊದಲ ನೋಟ್‌ಬುಕ್ಕನ್ನು ಕಳೆದ ವರ್ಷ ಸಿಂಧನೂರು ಕಡೆಯಿಂದ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೆ. ಅವಳೂ ಕನ್ನಡ ಮಾಧ್ಯಮ. ಅವಳ ತಂಡ ಕೆಲಸ ಮಾಡುವುದು ಲಂಡನ್ ಜೊತೆ. ಹೋದ ವಾರ ವಾಪಸ್ ಕೊಟ್ಟಳು. ಪುಟದಂಚಿನಲ್ಲೆಲ್ಲ ಪೆನ್ಸಿಲ್‌ನಲ್ಲಿ ಅವಳ ಬರಹ. ಒಂದು ಕಡೆ ನಾನು 2016ರಲ್ಲಿ ಬರೆದಿದ್ದ ಸಾಲಿತ್ತು: ‘ಲೆಟ್ಸ್ ಟೇಬಲ್ ದಿಸ್’. ಬಲಗಡೆ, ‘ವಿಷಯ ಅಲ್ಲಿಗೇ ಬಿಟ್ಟರು, ಮುಂದಿನ ತಿಂಗಳು ಕೂಡ ಎತ್ತಲಿಲ್ಲ’ ಎಂದಿದ್ದೆ. ಅದರ ಕೆಳಗೆ ಅವಳು ಬರೆದಿದ್ದಾಳೆ: ‘ಲಂಡನ್‌ನಲ್ಲಿ ಉಲ್ಟಾ. ಟೇಬಲ್ ಅಂದ ಕೂಡಲೇ ಅದನ್ನೇ ಚರ್ಚೆಗೆ ಎತ್ತಿಕೊಂಡರು. ನಾನು ತಯಾರಾಗಿರಲಿಲ್ಲ.’

ನಿಜವೇ. ಅಮೆರಿಕದಲ್ಲಿ ಆ ಮಾತಿಗೆ ಮುಂದೂಡು ಎಂದರ್ಥ, ಬ್ರಿಟನ್‌ನಲ್ಲಿ ಈಗಲೇ ಮೇಜಿನ ಮೇಲಿಡು ಎಂದರ್ಥ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ದೇಶದ ಅಧಿಕಾರಿಗಳು ಇದೇ ಪದಕ್ಕೆ ತುಂಬಾ ಹೊತ್ತು ವಾದ ಮಾಡಿದ್ದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತು.

ಅವಳಿಗೆ ಅದನ್ನು ಹೇಳಿದೆ. ನನ್ನ ಸಾಲನ್ನು ಹೊಡೆದು ಹಾಕಲಾ ಎಂದು ಕೇಳಿದಳು. ಬೇಡ ಎಂದೆ. ನನ್ನ ಸಾಲಿನ ಪಕ್ಕ ‘ಷಿಕಾಗೋ’ ಎಂದು, ಅವಳ ಸಾಲಿನ ಪಕ್ಕ ‘ಲಂಡನ್’ ಎಂದು ಬರೆದು, ಎರಡನೇ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ.